ಅಟ್ಟದ ಕೆಳಗೆ ಷೇರುಪೇಟೆ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಅರಳಗುಪ್ಪೆ ಮತ್ತು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ತೆಂಗು ಬೆಳೆಗಾರರಿಗೆ ಮಾತ್ರ. ಅಡಿಕೆಯವರು ತಮ್ಮದನ್ನು ತಾವೇ ಬರೆದುಕೊಳ್ಳತಕ್ಕದ್ದು.

ಬೇಕಾದ ಸಾಮಗ್ರಿ: ಡಿಮ್ಯಾಟ್ ಖಾತೆ, ಚಾರ್ಜ್ ನಿಲ್ಲುವ ಮೊಬೈಲು, ಮೂರೂವರೆವರೆಗೆ ಟೀವಿ ರಿಮೋಟ್ ಕೇಳದ ಮನೆಮಂದಿ. ಮೂರನೆಯದು ಪೇಟೆಯಲ್ಲಿ ಸಿಗುವುದಿಲ್ಲ. ಕೂರುವ ಜಾಗ ಕೊಬ್ಬರಿ ಅಟ್ಟದ ಕೆಳಗೆ. ಅಲ್ಲಿ ನೆಟ್‌ವರ್ಕ್ ಇಲ್ಲವೆಂದು ತೆಂಗಿನ ಮರದ ಬುಡಕ್ಕೆ ಹೋಗಬೇಡಿ. ಮೇಲಿಂದ ಬೀಳುವುದು ಸೆನ್ಸೆಕ್ಸ್ ಒಂದೇ ಅಲ್ಲ.

ಚಾಲನೆ: 9 ಗಂಟೆಗೆ ಟೀವಿ ಹಾಕಿ. ವಹಿವಾಟು ಶುರುವಾಗುವುದು 9.15ಕ್ಕೆ. ಅಷ್ಟರೊಳಗೆ ಟೈ ಕಟ್ಟಿದವರು ಪೇಟೆ ಏಕೆ ಏರಲಿದೆ ಎಂದು ಹೇಳಿ ಮುಗಿಸಿರುತ್ತಾರೆ. ಏಕೆ ಇಳಿಯಿತು ಎಂದು ಸಂಜೆ ಅವರೇ ಅಷ್ಟೇ ಗಟ್ಟಿಯಾಗಿ ಹೇಳುತ್ತಾರೆ. ಬೆಳಗಿನದನ್ನು ಸಂಜೆವರೆಗೆ ನೆನಪಿಟ್ಟುಕೊಂಡರೆ ಟೀವಿ ಸರಿಯಾಗಿ ಕೆಲಸ ಮಾಡುವುದಿಲ್ಲ. 2024ರ ಜೂನ್ 3ರಂದು ಮತಗಟ್ಟೆ ಸಮೀಕ್ಷೆ ನಂಬಿ ಜಿಗಿದ ಸೆನ್ಸೆಕ್ಸ್, ಮರುದಿನ ಮತ ಎಣಿಕೆಯಾಗುತ್ತಿದ್ದಂತೆ ಸುಮಾರು 4,390 ಅಂಶ ಕುಸಿದು ಕೂತಿತು.

ತಯಾರಿಕಾ ದೋಷ: ಬಳಕೆದಾರನ ಹೆಬ್ಬೆರಳು. ಇದೇ ಮನುಷ್ಯ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ತಿಂಗಳೋ ವರ್ಷವೋ ತಣ್ಣಗೆ ಕಾಯುತ್ತಾನೆ. ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಅಲ್ಲಿಯವರೆಗೆ ಅದನ್ನು ಮುಟ್ಟುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯ ಟೆಂಡರ್ ಬೆಲೆ ಅದಕ್ಕಿಂತ ಬಹಳ ಕೆಳಗೆ ಇಳಿಯಿತು. ನಾಫೆಡ್ ಖರೀದಿ ಕೇಂದ್ರದ ಮುಂದೆ ಸಾಲು ನಿಂತ, ಬೈದ, ಮತ್ತೆ ತೋಟಕ್ಕೆ ನೀರು ಕಟ್ಟಿದ. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಅಂಥವನು 9.20ಕ್ಕೆ ಕೊಂಡ ಷೇರನ್ನು ಕೆಂಪು ಗೆರೆ ಕಂಡಿತೆಂದು 9.40ಕ್ಕೆ ಮಾರುತ್ತಾನೆ. ಕೊಬ್ಬರಿಯ ಬೆಲೆಯನ್ನು ಅಟ್ಟದ ಮೇಲೆ ನಿಮಿಷಕ್ಕೊಮ್ಮೆ ಬೆಳಗಿಸಿ ತೋರಿಸುವ ಯಂತ್ರ ಬಂದಿಲ್ಲ, ನಮ್ಮ ಪುಣ್ಯ.

ಎಚ್ಚರಿಕೆ, ಆಪ್ಷನ್ ಆಡುವವರಿಗೆ: ಮಂಗಳವಾರ, ಶುಕ್ರವಾರ ಮನೆಯಿಂದ ದುಡ್ಡು ಆಚೆ ಕೊಡಬಾರದೆಂಬ ನೇಮ ನಿಮ್ಮಲ್ಲಿದ್ದರೆ ನೆನಪಿಡಿ, ನಿಫ್ಟಿಯ ವಾರದ ಆಪ್ಷನ್ ಅವಧಿ 2025ರ ಸೆಪ್ಟೆಂಬರ್‌ನಿಂದ ಮಂಗಳವಾರವೇ ಮುಗಿಯುತ್ತಿದೆ. ಬೆಲೆ ಬಿದ್ದ ಕೊಬ್ಬರಿ ಮಿಠಾಯಿಗಾದರೂ ಆದೀತು. ಅವಧಿ ಮುಗಿದ ಆಪ್ಷನ್ ಚಟ್ನಿಗೂ ಬಾರದು. ಫ್ಯೂಚರ್ಸ್, ಆಪ್ಷನ್‌ಗಳಲ್ಲಿ ಕೈಯಾಡಿಸಿದ ಸಾಮಾನ್ಯ ಹೂಡಿಕೆದಾರರಲ್ಲಿ 2022ರಿಂದ 2024ರ ಮೂರು ಹಣಕಾಸು ವರ್ಷಗಳಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡರು ಎನ್ನುತ್ತದೆ ಸೆಬಿಯ ಅಧ್ಯಯನ. ಉಳಿದ ಏಳೂ ಮಂದಿ ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಇದ್ದಾರೆ.

ದೋಷ ನಿವಾರಣೆ: ಲಾಗಿನ್ ಆಗದಿದ್ದರೆ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿ. ಮೀಟಿಂಗಿನಲ್ಲಿದ್ದೀನಿ ಅನ್ನುತ್ತಾನೆ, ಅವನೂ ಅದೇ ಆ್ಯಪ್ ನೋಡುತ್ತಿದ್ದಾನೆ ಎಂದು ತಿಳಿಯಿರಿ. ತ್ರೀ ಫೇಸ್ ಕರೆಂಟ್ ಬಂದರೆ ಪೇಟೆ ಎಷ್ಟೇ ಏರುತ್ತಿರಲಿ, ಮೊದಲು ಮೋಟಾರು ಹಾಕಿ ಬನ್ನಿ. ಫೋನಿಗೆ ಬಗ್ಗಿ ಬಗ್ಗಿ ಕತ್ತು ಹಿಡಿದರೆ ಅರಳಗುಪ್ಪೆಯ ಕಲ್ಲೇಶ್ವರ ಗುಡಿಗೆ ಹೋಗಿ ಒಳಮಾಳಿಗೆಯತ್ತ ತಲೆಯೆತ್ತಿ. ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನಿದ್ದಾನೆ. ಕತ್ತಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ.

ಕೊಬ್ಬರಿ ಟೆಂಡರ್ ದಿನ ಎರಡೂ ಪೇಟೆಗಳನ್ನು ಒಂದೇ ಫೋನಿನಲ್ಲಿ ನೋಡಕೂಡದು. ಷೇರಿನಲ್ಲಿ ಹೋದದ್ದನ್ನು ತುಂಬಲು ಹಸಿ ಇರುವಾಗಲೇ ಕಾಯಿ ಇಳಿಸುವ ಮನಸ್ಸಾಗುತ್ತದೆ. ಆದ್ದರಿಂದ ಅಟ್ಟದ ಏಣಿ ಮನೆಯಾಕೆಯ ವಶದಲ್ಲಿರತಕ್ಕದ್ದು. ‘ಪಾಸ್‌ವರ್ಡ್ ಮರೆತಿರಾ?’ ಎಂಬ ಸೌಲಭ್ಯ ಏಣಿಗೆ ಇರುವುದಿಲ್ಲ.