ಬಿಳಿಮೀನಿಗೊಂದು ಬಹಿರಂಗ ಹಿಂಬರಹ

ಗೆ: ಶ್ರೀ ಬಿಳಿಮೀನು (ಉರುಫ್ ಮಹಶೀರ್), ಕಾವೇರಿ ನದಿ
ಇಂದ: ನಾಲೆ ನೀರಿನ ಅನ್ನ ಉಂಡು ಬೆಳೆದ ಒಬ್ಬ ಮಂಡ್ಯ ಸೀಮೆಯವನು
ವಿಷಯ: ನಾಲೆಯ ಬಾಯಿಗೆ ಜಾಲರಿ ಮತ್ತು ಕಟ್ಟೆ ದಾಟಲು ದಾರಿ ಕೋರಿರುವ ಬಗ್ಗೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಸುವುದೇನೆಂದರೆ, ತಾವು ಈವರೆಗೆ ಅರ್ಜಿಯನ್ನೇ ಹಾಕಿಲ್ಲ. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾದಾಗ ಹಾಕಲಿಲ್ಲ. 1934ರಲ್ಲಿ ಕೆಳಗಡೆ ಮೆಟ್ಟೂರು ಕಟ್ಟೆ ಮುಗಿದಾಗಲೂ ಹಾಕಲಿಲ್ಲ. ಗಾರೆಗೆ, ಕಲ್ಲಿಗೆ, ಕೂಲಿಗೆ ಕಾಸು ಕಾಸಿನ ಲೆಕ್ಕ ಬರೆದವರು ದಾರಿ ಕಳೆದುಕೊಂಡವರ ಕಾಲಂ ಖಾಲಿ ಬಿಟ್ಟರೆ ತಪ್ಪು ಯಾರದು? ಅರ್ಜಿಯೇ ಇಲ್ಲದ ಮೇಲೆ ಹಿಂಬರಹ ಯಾಕೆಂದು ಕೇಳಬೇಡಿ. ಕಡತ ಮುಗಿಸಬೇಕಲ್ಲ.

ತಮ್ಮ ಗುರುತಿನ ದಾಖಲೆಯೂ ತಡವಾಗಿಯೇ ಆಯಿತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳ ಹಾಕಿ 120 ಪೌಂಡಿನ ಮಹಶೀರ್ ಎತ್ತಿದರು. ಜಗತ್ತೇ ಬಾಯಿ ಬಿಟ್ಟು ನೋಡಿತು. ಆದರೆ ಬೆನ್ನುಬ್ಬಿದ ತಮ್ಮ ಶಾಸ್ತ್ರೀಯ ಹೆಸರು ಯಾವುದೆಂದು ಇತ್ಯರ್ಥವಾದದ್ದು 2018ರಲ್ಲಿ. ಅದೇ ವರ್ಷ ತಮ್ಮನ್ನು ಅಳಿವಿಗೆ ತೀರಾ ಹತ್ತಿರವಿರುವ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ಹೆಸರು ಬರೆಸಿದ ವರ್ಷವೇ ಇನ್ನೊಂದು ಪ್ರಮಾಣಪತ್ರ! ನಮ್ಮಲ್ಲಿ ಜಾತಿ ಪ್ರಮಾಣಪತ್ರವೂ ಇಷ್ಟು ಬೇಗ ಸಿಗುವುದಿಲ್ಲ.

ತಮಗಾಗಿ ಹಣ ಖರ್ಚೇ ಆಗಿಲ್ಲ ಎನ್ನುವುದು ಮಾತ್ರ ಅಪಪ್ರಚಾರ. ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ತಂದು ಕಾವೇರಿಗೆ ಬಿಡಲಾಯಿತು. ಅವರು ತಮ್ಮ ದಾಯಾದಿಗಳು. ಈಗ ಆ ನೀರಿನಲ್ಲಿ ಅವರದೇ ಕಾರುಬಾರು. ಮಹಶೀರ್ ಸಂರಕ್ಷಣೆ ಎಂದರೆ ಇದೇ ಎಂದು ನಾವೂ ನಂಬಿಕೊಂಡಿದ್ದೆವು.

ನಾಲೆಯ ಮಾತಿಗೆ ಬರೋಣ. ಸರದಿಯ ಮೇಲೆ ಬಿಡುವ ಕಟ್ಟು ನೀರು ನಿಲ್ಲಿಸಿದ ಮಾರನೆಯ ದಿನ ಸೇತುವೆಯಡಿಯ ಗುಂಡಿಯಲ್ಲಿ ಮೊಣಕಾಲುದ್ದ ಕೆಸರು ನೀರು ಉಳಿದಿರುತ್ತದೆ. ಹುಡುಗರು ಹಳೇ ಪಂಚೆಯ ಎರಡು ತುದಿ ಹಿಡಿದು ನೀರೊಳಗೆ ಎಳೆಯುತ್ತಾರೆ, ಬೆರಳುದ್ದದ ಮರಿಗಳನ್ನು ಬಕೆಟ್ಟಿಗೆ ಸುರಿಯುತ್ತಾರೆ. ನದಿಯಿಂದ ತೂಬಿನ ಮೂಲಕ ಒಳಗೆ ಬಂದದ್ದಕ್ಕೆ ವಾಪಸ್ ಹೋಗಲು ದಾರಿಯಿಲ್ಲ. ಯಾವ ನಾಲೆ ಯಾವ ಮೀನಿನ ಎಷ್ಟು ಮರಿ ನುಂಗಿತು ಎಂಬ ಪುಸ್ತಕವನ್ನು ಇಲ್ಲಿ ಯಾರೂ ಇಟ್ಟಿಲ್ಲ. ಸೊಪ್ಪಿನ ಸಾರಿನ ಬದಲು ಮೀನಿನ ಸಾರು ಸಿಕ್ಕ ದಿನ ಯಾರು ತಾನೇ ಕೇಳುತ್ತಾರೆ?

ಅಮೆರಿಕದಲ್ಲಿ ಕೇಳಿದರು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ದಡವೂ ನಮ್ಮಂತೆ ಭತ್ತದ ಸೀಮೆ. ಚಳಿಗಾಲದಲ್ಲಿ ನದಿ ಹತ್ತುವ ಚಿನೂಕ್ ಸಾಲ್ಮನ್‌ಗಳ ಒಂದು ಬಳಗ 1969ರಲ್ಲಿ ಲಕ್ಷ ದಾಟಿತ್ತು. 1991ರ ಹೊತ್ತಿಗೆ 200ರ ಆಸುಪಾಸಿಗೆ ಇಳಿಯಿತು. ಆಗ ಅಲ್ಲಿನ ಅಧಿಕಾರಿಗಳಿಗೆ ಮೀನಿನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತೆಂದು ತಿಳಿಯಬೇಡಿ. ಲಕ್ಷಕ್ಕೂ ಹೆಚ್ಚು ಎಕರೆಗೆ ನೀರುಣಿಸುವ ಗ್ಲೆನ್-ಕೊಲುಸಾ ನೀರಾವರಿ ಸಂಸ್ಥೆಯ ಮೇಲೆ ಕೇಸು ಬಿತ್ತು. ಮರಿಗಳು ಇಳಿದು ಬರುವ ತಿಂಗಳುಗಳಲ್ಲಿ ಪಂಪಿಗೆ ಕಡಿವಾಣ ಹಾಕುವಂತೆ ಫೆಡರಲ್ ಕೋರ್ಟು ಹೇಳಿತು. ಗದ್ದೆಗೆ ನೀರಿಲ್ಲ ಎಂದಾಗ ಹಣ ಹುಟ್ಟಿತು. 1992ರ ಕಾನೂನೊಂದು ಜಾಲರಿಗೆ ಸರ್ಕಾರದ ಪಾಲು ಕೊಡುವ ದಾರಿ ತೆರೆಯಿತು, ಪಂಪುಗಳ ಮುಂದೆ ಉದ್ದನೆಯ ಜಾಲರಿ ಬಂತು.

ಜಾಲರಿ ಎಂದರೆ ಕೋಳಿ ಗೂಡಿನ ತಂತಿಯಲ್ಲ. ಸಂದಿ 1.75 ಮಿಲಿಮೀಟರು, ಹೆಚ್ಚುಕಡಿಮೆ ರಾಗಿ ಕಾಳಿನಷ್ಟು. ಅದರ ಮುಖಕ್ಕೆ ನೀರು ಬರುವ ವೇಗ ಸೆಕೆಂಡಿಗೆ ಸುಮಾರು ಮೂರನೇ ಒಂದು ಅಡಿ ದಾಟಕೂಡದು. ದಾಟಿದರೆ ಮರಿ ಜಾಲರಿಗೇ ಅಂಟಿಕೊಂಡು ಸಾಯುತ್ತದೆ. ನೀರು ನಿಧಾನವಾಗಿ ಬರಬೇಕು, ರೈತನಿಗೆ ಬೇಕಾದಷ್ಟೂ ಬರಬೇಕು. ಹಾಗಾಗಬೇಕಾದರೆ ಜಾಲರಿಯೇ ಉದ್ದವಾಗಬೇಕು. ಅದೇ ನದಿಯ ರೆಡ್ ಬ್ಲಫ್ ಎಂಬಲ್ಲಿ ಅದು ಸುಮಾರು 1,100 ಅಡಿ ಉದ್ದವಿದೆ. ಪಾಚಿ ಕಟ್ಟದಂತೆ ಬ್ರಷ್ಷುಗಳು ಅದನ್ನು ಉಜ್ಜುತ್ತಲೇ ಇರುತ್ತವೆ.

ರೆಡ್ ಬ್ಲಫ್‌ನಲ್ಲಿ 1960ರ ದಶಕದ ಕಟ್ಟೆಗೆ ಮೀನು ಹತ್ತಲು ಮೆಟ್ಟಿಲನ್ನು ಮೊದಲೇ ಕಟ್ಟಿದ್ದರು. ಬಹಳಷ್ಟು ಮೀನುಗಳಿಗೆ ಅದರ ಬಾಯಿಯೇ ಸಿಗಲಿಲ್ಲ. ಕೊನೆಗೆ 2011ರಲ್ಲಿ ಕಟ್ಟೆಯ ಗೇಟುಗಳನ್ನು ಖಾಯಂ ಆಗಿ ಮೇಲೆತ್ತಿ, ನದಿಗೆ ಅದರ ದಾರಿ ಬಿಟ್ಟು, ನೀರೆತ್ತಲು ಜಾಲರಿಯಿರುವ ಪಂಪ್‌ಹೌಸ್ ಕಟ್ಟಿದರು. ಅದಕ್ಕೆ 10 ಕೋಟಿ ಡಾಲರಿಗೂ ಹೆಚ್ಚು ಹಣ ಬಂದದ್ದು 2009ರ ಆರ್ಥಿಕ ಉತ್ತೇಜನ ಕಾನೂನಿನಿಂದ. ನ್ಯೂಯಾರ್ಕಿನಲ್ಲಿ ಬ್ಯಾಂಕುಗಳು ಮುಳುಗಿದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಮನ್ ತೇಲಿತು ಎನ್ನಬಹುದು. ತಾವೂ ಒಂದು ದೊಡ್ಡ ದಿವಾಳಿಗಾಗಿ ಕಾಯಬಹುದು.

ಅಲ್ಲೂ ಎಲ್ಲ ಸುಸೂತ್ರವೇನಲ್ಲ. ಒರೆಗಾನ್, ವಾಷಿಂಗ್ಟನ್, ಇಡಾಹೊ, ಪಶ್ಚಿಮ ಮೊಂಟಾನಾಗಳಿಗೆ 2000ದಲ್ಲಿ ಒಂದು ಕಾನೂನು ಬಂತು. ಜಾಲರಿಯ ಖರ್ಚಿನಲ್ಲಿ ನೂರಕ್ಕೆ 65 ಫೆಡರಲ್ ಸರ್ಕಾರದ್ದು, ಮಿಕ್ಕದ್ದು ಸ್ಥಳೀಯರದ್ದು. ವರ್ಷಕ್ಕೆ 2.5 ಕೋಟಿ ಡಾಲರ್ ಎಂದು ಬರೆದರು. ಕೊಟ್ಟದ್ದು ಅದರ ಹತ್ತಿರಕ್ಕೂ ಬರಲಿಲ್ಲ. ಓದಿ ನನಗೆ ಸಮಾಧಾನವಾಯಿತು. ಮಂಜೂರಾತಿ ಬೇರೆ, ಬಿಡುಗಡೆ ಬೇರೆ ಎಂಬುದು ನಮ್ಮೊಬ್ಬರ ಸಂಪ್ರದಾಯವಲ್ಲ. ಸ್ಯಾಕ್ರಮೆಂಟೊದ ಆ ಚಳಿಗಾಲದ ಸಾಲ್ಮನ್ ಇವತ್ತಿಗೂ ಅಪಾಯದ ಪಟ್ಟಿಯಲ್ಲೇ ಇದೆ. ಆ ನದಿಯ ಮೇಲ್ಗಡೆಯ ಶಾಸ್ತಾ ಜಲಾಶಯದ ನೀರು ಬರಗಾಲದಲ್ಲಿ ಬೆಚ್ಚಗಾದರೆ ಮೊಟ್ಟೆ ಸಾಯುತ್ತದೆ, ಜಾಲರಿ ಅದಕ್ಕೇನು ಮಾಡೀತು?

ಆದ್ದರಿಂದ ಅಲ್ಲಿಯದನ್ನು ಹಾಗೇ ಕಿತ್ತು ತಂದು ಶ್ರೀರಂಗಪಟ್ಟಣದಲ್ಲಿ ನೆಡಿ ಎನ್ನುವುದಿಲ್ಲ. ಮುಂಗಾರಿನ ಕಾವೇರಿ ಹೊತ್ತು ತರುವ ಕೆಸರು, ಕಡ್ಡಿಕಸಕ್ಕೆ ರಾಗಿ ಕಾಳಿನ ಸಂದಿ ಎಷ್ಟು ಹೊತ್ತು ತಡೆದೀತು? ಸಾಲ್ಮನ್ ಅಳತೆಗೆ ಕಟ್ಟಿದ ಮೆಟ್ಟಿಲು ತಮಗೆ ಹೊಂದುತ್ತದೆಂಬ ಖಾತ್ರಿಯೂ ಇಲ್ಲ. ಮೊದಲು ಎಣಿಸಬೇಕು: ಯಾವ ತೂಬಿನಲ್ಲಿ, ಯಾವ ತಿಂಗಳಲ್ಲಿ, ಯಾರ ಮರಿ, ಎಷ್ಟು. ಎಣಿಸುವುದಕ್ಕೆ ಕಾಂಕ್ರೀಟು ಬೇಡ. ಟೆಂಡರಿಗೆ ಆಸ್ಪದವಿಲ್ಲದಿರುವುದೇ ಅದರ ದೋಷವಿರಬೇಕು.

ಸದ್ಯಕ್ಕೆ ತಾವು ರಾಮನಾಥಪುರದ ದೇವಸ್ಥಾನದ ಮಡುವಿನಲ್ಲಿ ಪುರಿ ತಿಂದುಕೊಂಡಿರತಕ್ಕದ್ದು ಎಂದು ಈ ಮೂಲಕ ಸೂಚಿಸಲಾಗಿದೆ.

ಪ್ರತಿ: ನಾಲೆ ಆಧುನೀಕರಣದ ಅಂದಾಜು ಪಟ್ಟಿ ಬರೆಯುವ ಎಂಜಿನಿಯರರಿಗೆ. ನೀರು ತಿರುಗಿಸಿಕೊಳ್ಳುವ ಖರ್ಚಿನಲ್ಲಿ ಮೀನನ್ನು ನದಿಯಲ್ಲೇ ಉಳಿಸುವ ಖರ್ಚೂ ಸೇರಿದೆ. ಇದು ಮೀನಿಗೆ ಕೊಡುವ ದಾನವಲ್ಲ, ನೀರು ಉಂಡವರ ಬಾಕಿ. ಮುಂದಿನ ಪಟ್ಟಿಯಲ್ಲಿ ಮರಿ ಎಣಿಕೆಗೆಂದು ಒಂದು ಸಾಲು ಸೇರಿಸಿ. ಕೋರ್ಟು ನಾಲೆಗೆ ಬೀಗ ಹಾಕುವ ಮೊದಲೇ ಸೇರಿಸಿದರೆ ನಮಗೂ ಅಗ್ಗ.