ಗದ್ದೆ ಕಾಣುವ ಮನೆ

(ಬಾಲಿ ದ್ವೀಪದ ಉಬುದ್. ದಲ್ಲಾಳಿಯ ಇಸ್ತ್ರಿ ಅಂಗಿ ಮುಂದೆ, ಬೆವರಿದ ಗಿರಾಕಿ ಹಿಂದೆ.)

ದಲ್ಲಾಳಿ: ಕಿಟಕಿ ತೆಗೀರಿ ಸಾರ್, ಮೆಟ್ಟಿಲು ಗದ್ದೆ! ಇಲ್ಲಿನ ಸುಬಾಕ್ ನೀರಾವರಿ 2012ರಲ್ಲೇ ಯುನೆಸ್ಕೋ ಪಟ್ಟಿ ಸೇರಿದೆ.

ಗಿರಾಕಿ: ಜೆಸಿಬಿ ಕಾಣ್ತಿದೆಯಲ್ರೀ.

ದಲ್ಲಾಳಿ: ಪಕ್ಕದ ವಿಲ್ಲಾದ್ದು. ಗದ್ದೆ ನೋಡೋ ಆಸೆ ಅವರಿಗೂ ಇರಲ್ವೇ?

ಗಿರಾಕಿ: ನೀರು?

ದಲ್ಲಾಳಿ: ರೈತರು ಗುಡಿಯಲ್ಲಿ ಸೇರಿ ಹಂಚಿಕೊಳ್ತಾರೆ. ನಿಮ್ಮ ಈಜುಕೊಳಕ್ಕೆ ಬೋರ್‌ವೆಲ್ ಇದೆ, ಬಿಡಿ.

ಗಿರಾಕಿ: ಸಂಸ್ಕೃತಿ ಗಿಂಸ್ಕೃತಿ?

ದಲ್ಲಾಳಿ: ಬೇಕಾದಷ್ಟು! ತೆಂಗಿನ ಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಚೂರು ಬಿಸ್ಕತ್ತು, ಮೇಲೊಂದು ಊದುಬತ್ತಿ. ಕೆಲಸದಾಕೆ ದಿನಾ ಹೊಸ್ತಿಲಿಗೆ ಇಡ್ತಾಳೆ, ನೀವು ಫೋಟೋ ತೆಗೆದರಾಯ್ತು. ನ್ಯೆಪಿ ಹಬ್ಬಕ್ಕಂತೂ ದೀಪವಿಲ್ಲ, ಓಡಾಟವಿಲ್ಲ, ವಿಮಾನ ನಿಲ್ದಾಣವೂ 24 ಗಂಟೆ ಬಂದ್. ಎಂಥ ಶಾಂತಿ!

ಗಿರಾಕಿ: ಆವತ್ತು ನಾನು ಸಿಂಗಪುರದಲ್ಲಿರ್ತೀನಿ.

(ಶಾಂತಿ ಬೇಕೆಂದು ಬಂದವರ ಪೈಕಿ ಈತ ಮೊದಲಿಗನೇನಲ್ಲ.)

ಗಿರಾಕಿ: ಆ ಬೆಟ್ಟ?

ದಲ್ಲಾಳಿ: ಆಗುಂಗ್, ಬಾಲಿಯವರಿಗೆ ಪರಮ ಪವಿತ್ರ.

ಗಿರಾಕಿ: 1963ರಲ್ಲಿ ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರಂತೆ?

ದಲ್ಲಾಳಿ: ಅದಕ್ಕೇ ಸಾರ್ ಮಣ್ಣು ಇಷ್ಟು ಫಲವತ್ತು!

ಗಿರಾಕಿ: ಸರಿ, ಆ ಮಣ್ಣು ನನ್ನ ಹೆಸರಿಗೆ ಆಗುತ್ತಾ?

ದಲ್ಲಾಳಿ: ವಿದೇಶಿಯರಿಗೆ ನೆಲದ ಪೂರ್ಣ ಒಡೆತನ ಇಲ್ಲಿ ಇಲ್ಲ. 25 ವರ್ಷದ ಲೀಸ್. ಮುಂದಿನದ್ದು ಜಮೀನಿನ ಯಜಮಾನರ ದಯೆ.

ಗಿರಾಕಿ: ಉಲುವಾಟು ಗುಡೀಲಿ ಕೋತಿ ನನ್ನ ಕನ್ನಡಕ ಕಿತ್ಕೊಂಡಿತ್ತು. ಹಣ್ಣು ಕೊಟ್ಟ ಮೇಲೆ ವಾಪಸ್ ಕೊಡ್ತು. ನಾನು ಕೊಟ್ಟ ಅಡ್ವಾನ್ಸು?

ದಲ್ಲಾಳಿ: ನಮ್ಮಲ್ಲಿ ಹಣ್ಣಿನ ವ್ಯವಹಾರ ಇಲ್ಲ ಸಾರ್.