ಹೆಸರಿಗೆ ಎಡಿಟರ್, ಬರೆಯೋಕೆ ಬರಲ್ಲ

‘ಗಿಟ್ ಕಮಿಟ್’ ಎಂದು ಟೈಪಿಸಿ ಎಂಟರ್ ಒತ್ತಿದ ಕೂಡಲೇ ಯಾವುದೋ ಎಡಿಟರ್ ಬಂದು ಕೂರುತ್ತದಲ್ಲ? ಯಾರು ಬರಬೇಕೆಂದು ಹೇಳುವ ಹಿರಿಯರೊಬ್ಬರು ಯುನಿಕ್ಸ್ ಲೋಕದಲ್ಲಿದ್ದಾರೆ: ಎನ್ವಿರಾನ್‌ಮೆಂಟ್ ವೇರಿಯಬಲ್ ಶ್ರೀ ಎಡಿಟರ್. ಶೆಲ್ಲಿನೊಳಗೇ ಹಿಡಿದು ಮಾತಾಡಿಸಿದೆವು.

ನಾವು: ನಮಸ್ಕಾರ ಸಂಪಾದಕರೇ, ಈಚೆಗೆ ಏನು ಬರೆದಿರಿ?

ಎಡಿಟರ್: ನನಗೆ ಒಂದಕ್ಷರ ಬರಲ್ಲ ಸ್ವಾಮಿ. ನ್ಯಾನೋ ಅಂತಲೋ ವಿಮ್ ಅಂತಲೋ ಒಂದು ಹೆಸರು ಹೊಟ್ಟೇಲಿಟ್ಕೊಂಡಿರ್ತೀನಿ. ಕೇಳಿದವರಿಗೆ ಹೇಳ್ತೀನಿ, ಅಷ್ಟೇ.

ನಾವು: ಹೊಟ್ಟೆ ಖಾಲಿಯಿದ್ದರೆ?

ಎಡಿಟರ್: ಗಿಟ್ಟು ಸಾಮಾನ್ಯವಾಗಿ ವಿಐ ಅವರನ್ನ ಕರೆಸುತ್ತೆ. 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ಕೈಯಲ್ಲಿ ಹುಟ್ಟಿದವರು. ಪ್ರಭಾರ ಅಂತ ಬಂದವರು ಕುರ್ಚಿ ಬಿಟ್ಟಿಲ್ಲ.

ನಾವು: ವಿಷುಯಲ್ ಅಂತ ದಾಯಾದಿಯೊಬ್ಬರು ಇದ್ದಾರಂತೆ?

ಎಡಿಟರ್: ಅದು ಟೆಲಿಟೈಪ್ ಕಾಲದ ಪಾಲುಪಟ್ಟಿ. ಕಾಗದದ ಮೇಲೆ ಒಂದೊಂದೇ ಸಾಲು ತಿದ್ದೋ ಇಡಿಯಂಥವರು ನನ್ನ ಕಡೆ (ದಾಳಿ ಮಾಡೋ ಇಡಿ ಅಲ್ಲ, ಗಾಬರಿಯಾಗಬೇಡಿ). ಪರದೆ ತುಂಬ ಹರಡಿಕೊಳ್ಳೋವರು ಅವನ ಕಡೆ. ಆ ಯಂತ್ರಗಳು ಗುಜರಿ ಸೇರಿದವು, ಪಾಲು ಹಾಗೇ ಉಳೀತು. ನಮ್ಮಿಬ್ಬರಲ್ಲಿ ಗಿಟ್ ಇವತ್ತಿಗೂ ಮೊದಲು ಕೇಳೋದು ಅವನನ್ನೇ.

ನಾವು: ಹೊಸಬರ ಮೇಲೆ ದೂರಿದೆಯೇ?

ಎಡಿಟರ್: ಕೇಳಿ. ಗಿಟ್ಟೋ ಯಾವುದೋ ಸ್ಕ್ರಿಪ್ಟೋ ಒಂದು ಫೈಲ್ ಮಾಡಿ ಎಡಿಟರ್ ಕೈಗೆ ಕೊಡುತ್ತೆ, ನೀವು ಮುಚ್ಚೋವರೆಗೂ ಕಾಯುತ್ತೆ, ಆಮೇಲೆ ಫೈಲ್ ತೆಗೆದು ಓದುತ್ತೆ. ವಿಎಸ್ ಕೋಡ್‌ಗೆ ಹೇಳದಿದ್ದರೆ ಈ ಕಾಯೋ ಪದ್ಧತಿ ಗೊತ್ತಾಗಲ್ಲ. ವಿಂಡೋ ತೆರೆದು, ‘ಆಯ್ತು’ ಅಂತ ವಾಪಸ್. ನೀವಿನ್ನೂ ಮೊದಲ ಪದಕ್ಕೆ ತಡಕಾಡ್ತಿರ್ತೀರಿ, ಅಷ್ಟರಲ್ಲಿ ಗಿಟ್ಟು ‘ಸಂದೇಶ ಖಾಲಿ, ಕಮಿಟ್ ರದ್ದು’ ಅಂತ ಷರಾ ಬರೆದಿರುತ್ತೆ.

ನಾವು: ಪರಿಹಾರ?

ಎಡಿಟರ್: ‘ಕೋಡ್’ ಆದ ಮೇಲೆ ಎರಡು ಅಡ್ಡಗೆರೆ ಹಾಕಿ ‘ವೇಟ್’ ಅನ್ನಿ, ಗಿಟ್ ಒಪ್ಪುತ್ತೆ. ಆದರೆ ಕೆಲವರ ಸ್ಕ್ರಿಪ್ಟಿನಲ್ಲಿ ನನ್ನನ್ನ ಉದ್ಧರಣ ಚಿಹ್ನೆಯೊಳಗೆ ಕಟ್ಟಿ ಕೂರಿಸಿರ್ತಾರೆ. ಆಗ ಎರಡೂ ಪದ ಸೇರಿ ಒಂದೇ ಹೆಸರಾಗಿ, ‘ಅಂಥ ಕಮಾಂಡೇ ಇಲ್ಲ’ ಅನ್ನೋ ಉತ್ತರ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇನ್ನು ಕೆಲವರು ನನ್ನನ್ನ ಕೇಳೋದೂ ಇಲ್ಲ. ತಮಗೆ ನ್ಯಾನೋ ಇಷ್ಟ ಅಂತ ಊರಿಗೆಲ್ಲ ನ್ಯಾನೋನೇ ಬಡಿಸ್ತಾರೆ.

ನಾವು: ಓದುಗರಿಗೆ ಏನು ಹೇಳುತ್ತೀರಿ?

ಎಡಿಟರ್: ನಿಮಗೆ ಒಗ್ಗುವ ಎಡಿಟರ್ ಹೆಸರನ್ನ ಶೆಲ್ಲಿನ ಸೆಟ್ಟಿಂಗ್ ಫೈಲಿನಲ್ಲಿ ಒಂದೇ ಸಾಲಲ್ಲಿ ಬರೆದಿಡಿ. ಮುಂದೆ ‘ಎಕ್ಸ್‌ಪೋರ್ಟ್’ ಹಾಕೋದು ಮರೀಬೇಡಿ. ಹಾಕದಿದ್ದರೆ ನಾನು ಆ ಶೆಲ್ಲಿನ ಹೊಸ್ತಿಲು ದಾಟಲ್ಲ, ಸ್ಕ್ರಿಪ್ಟಿನ ಕಣ್ಣಿಗೆ ಬೀಳೋದೂ ಇಲ್ಲ.